ಎಳೆದರೂ ಸಡಿಲವಾಗದ ಕಾಲು: ದಿಗಿಣ ಹಾಕುವವರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: "ಮೇಡಂ, ನನಗೆ 43 ವರ್ಷ. ಮೂಡುಬಿದಿರೆ ಕಡೆಯವನು. ಹಗಲು ಸೊಸೈಟಿಯಲ್ಲಿ ಕೂತು ಮಾಡುವ ಕೆಲಸ, ಉಳಿದ ಹೊತ್ತು ಯಕ್ಷಗಾನ. ತೆಂಕುತಿಟ್ಟಿನ ಹವ್ಯಾಸಿ ಸಂಘದಲ್ಲಿ ಪುಂಡುವೇಷ ಮಾಡ್ತೇನೆ. ದಿಗಿಣ, ಅಂದರೆ ಎಗರಿ ಗಿರಕಿ ಹೊಡೆಯುವ ಕುಣಿತ, ಇಲ್ಲದೆ ನಮ್ಮ ವೇಷ ಇಲ್ಲ. ಎರಡು ವರ್ಷದಿಂದ ತೊಡೆಯ ಹಿಂಭಾಗ ಮತ್ತು ಮೀನಖಂಡ ಯಾವಾಗಲೂ ಬಿಗಿ. ಬೆಳಿಗ್ಗೆ ಎದ್ದ ಕೂಡಲೇ 20 ನಿಮಿಷ ಬಗ್ಗಿ, ಕುಲುಕಿ ಕುಲುಕಿ ಕಾಲ್ಬೆರಳು ಮುಟ್ಟುತ್ತೇನೆ. ಆಗ ಸ್ವಲ್ಪ ಸಡಿಲ, ಮಧ್ಯಾಹ್ನಕ್ಕೆ ಮತ್ತೆ ಅದೇ ಕತೆ. ಆಟ ಮುಗಿಸಿ ಬಂದು ಮಲಗಿದರೆ ನಸುಕಿಗೆ ಮೀನಖಂಡ ಗಂಟು ಕಟ್ಟಿದ ಹಾಗೆ ಹಿಡಿದುಕೊಳ್ತದೆ. ಬೊಬ್ಬೆ ಹಾಕಿ ಎದ್ದದ್ದುಂಟು. ಹಿರಿಯ ಕಲಾವಿದರೊಬ್ಬರು 'ನರ ಗಿಡ್ಡ ಆಗಿದೆ ಮಾರಾಯ, ಎಣ್ಣೆ ಹಾಕಿ ಎಳೆಸು' ಅಂದರು. ಜಿಮ್ಮಿನ ಹುಡುಗ '30 ಸೆಕೆಂಡ್ ಹಿಡಿದರೆ ಗಾಲ್ಜಿ ಆನ್ ಆಗ್ತದೆ, ಸ್ನಾಯು ತಾನಾಗಿ ಬಿಡ್ತದೆ' ಅಂದ. ಡಾಕ್ಟ್ರು ಸುತ್ತಿಗೆಯಿಂದ ಮೊಣಗಂಟಿಗೆ ಬಡಿದು 'ರಿಫ್ಲೆಕ್ಸ್ ಸ್ವಲ್ಪ ಜೋರುಂಟು, ಆದರೆ ಎರಡೂ ಕಡೆ ಒಂದೇ ರೀತಿ, ಹೆದರಬೇಡಿ' ಅಂದರು. ಬಿ.ಪಿ.ಗೆ ಒಂದು ಮಾತ್ರೆ ಬಿಟ್ಟರೆ ಬೇರೆ ಔಷಧ ಇಲ್ಲ. ಆದರೂ ನನಗೆ ಹೆದರಿಕೆ ಹೋಗಿಲ್ಲ. ಇದು ನರದ ಕಾಯಿಲೆಯ ಶುರುವಾ? ಸ್ನಾಯು ಸಡಿಲ ಮಾಡುವ ಮಾತ್ರೆ, ಇಂಜೆಕ್ಷನ್ ಬೇಕಾ? ಪತ್ತನಾಜೆ ಕಳೆಯಿತು, ಈ ಸಲದ ಆಟದ ದಿನಗಳು ಮುಗಿದವು. ನವೆಂಬರಿಗೆ ಮತ್ತೆ ಗೆಜ್ಜೆ ಕಟ್ಟಬಹುದಾ?"

ಉತ್ತರ: ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಳೆದರೂ ಕಾಲು ಯಾಕೆ ಸಡಿಲ ಆಗುತ್ತಿಲ್ಲ, ರಾತ್ರಿ ಯಾಕೆ ಹಿಡಿದುಕೊಳ್ಳುತ್ತದೆ, ಇದರ ಹಿಂದೆ ದೊಡ್ಡ ಕಾಯಿಲೆ ಏನಾದರೂ ಅಡಗಿದೆಯಾ ಎಂದು ಕೇಳಿದ್ದೀರಿ. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಮೂರನೆಯದು ಅಂತ ಕಾಣುತ್ತದೆ. ಅದನ್ನೇ ಮೊದಲು ನೋಡೋಣ.

ಮೊಣಗಂಟಿನ ಚಿಪ್ಪಿನ ಕೆಳಗೆ ಒಂದು ಗಟ್ಟಿ ಹುರಿ ಇದೆ. ಸುತ್ತಿಗೆ ಅದಕ್ಕೆ ಬಡಿದಾಗ ತೊಡೆಯ ಮುಂದಿನ ಸ್ನಾಯು ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಸುದ್ದಿ ಸೊಂಟದ ಮಟ್ಟದ ನರಗಳ ಮೂಲಕ ಬೆನ್ನುಹುರಿಗೆ ಹೋಗುತ್ತದೆ. ಅಲ್ಲಿಂದ "ಹಿಡಿ" ಅನ್ನುವ ಆಜ್ಞೆ ಅದೇ ಸ್ನಾಯುವಿಗೆ ವಾಪಸು ಬರುತ್ತದೆ, ಕಾಲು ಚಿಮ್ಮುತ್ತದೆ. ಇಷ್ಟೂ ಸುಮಾರು 20ರಿಂದ 30 ಮಿಲಿಸೆಕೆಂಡಿನಲ್ಲಿ ಶುರುವಾಗಿಬಿಡುತ್ತದೆ. ಮೆದುಳನ್ನು ಕೇಳುವಷ್ಟು ಹೊತ್ತು ಅಲ್ಲಿ ಇಲ್ಲ. 1875ರಲ್ಲಿ ಜರ್ಮನಿಯ ಇಬ್ಬರು ವೈದ್ಯರು, ಎರ್ಬ್ ಮತ್ತು ವೆಸ್ಟ್‌ಫಾಲ್, ಇದನ್ನು ಬೇರೆ ಬೇರೆಯಾಗಿ ಗಮನಿಸಿ ಬರೆದರು. ಪೆಟ್ಟು ತಿಂದ ಸ್ನಾಯು ತಾನೇ ನೇರವಾಗಿ ಕುಗ್ಗುತ್ತದೆ ಅಂತ ವೆಸ್ಟ್‌ಫಾಲ್ ಅಂದುಕೊಂಡರು. ಸುದ್ದಿ ಬೆನ್ನುಹುರಿಗೆ ಹೋಗಿ ಬರುತ್ತದೆ ಎಂದವರು ಎರ್ಬ್. ಎರ್ಬ್ ಹೇಳಿದ್ದೇ ಸರಿಯಾಯಿತು. ಇವತ್ತಿಗೂ ಡಾಕ್ಟರು ಸುತ್ತಿಗೆ ಹಿಡಿಯುವುದು ಈ ಹೋಗಿಬರುವ ದಾರಿ ಸರಿ ಇದೆಯಾ ಅಂತ ನೋಡುವುದಕ್ಕೆ.

ಕೆಲವರಿಗೆ ಈ ರಿಫ್ಲೆಕ್ಸ್ ಹುಟ್ಟಿನಿಂದಲೇ ಜೋರು. ಹೆದರಿಕೆ ಇದ್ದಾಗ ಇನ್ನೂ ಜೋರು. ಸರಿಯಾಗಿ ಕಾಣದಿದ್ದರೆ ನಾವೇ "ಎರಡೂ ಕೈಯ ಬೆರಳು ಕೊಕ್ಕೆ ಹಾಕಿ ಜೋರಾಗಿ ಎಳೆಯಿರಿ" ಅಂತ ಹೇಳಿ ಬಡಿಯುತ್ತೇವೆ. ಆಗ ಕಾಲು ಹೆಚ್ಚು ಚಿಮ್ಮುತ್ತದೆ. ಕೈ ಎಳೆದಷ್ಟಕ್ಕೇ ಏರುವಂಥದ್ದನ್ನು ಸುಮ್ನೆ ಕಾಯಿಲೆ ಅನ್ನಲಾಗುವುದಿಲ್ಲ, ಅಲ್ವಾ? ನಾವು ಹುಡುಕುವುದು ಬೇರೆ ಗುರುತುಗಳನ್ನು. ಒಂದು ಕಾಲು ಜೋರು, ಇನ್ನೊಂದು ಮಂದ ಇದೆಯಾ? ಪಾದವನ್ನು ಥಟ್ಟನೆ ಮೇಲಕ್ಕೆ ತಳ್ಳಿದರೆ ಅದು ಬಿಡದೆ ಟಕಟಕ ಅಂತ ಕುಣಿಯುತ್ತದೆಯಾ? ಅಂಗಾಲನ್ನು ಗೀರಿದಾಗ ಹೆಬ್ಬೆರಳು ಕೆಳಗೆ ಮಡಚುವ ಬದಲು ಮೇಲಕ್ಕೆ ಏಳುತ್ತದೆಯಾ? ಈ ಕೊನೆಯ ಗುರುತನ್ನು ಬಬಿನ್‌ಸ್ಕಿ 1896ರಲ್ಲಿ ಬರೆದರು, ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಇವುಗಳ ಜೊತೆಗೆ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಚಪ್ಪಲಿ ಗೊತ್ತಾಗದೆ ಜಾರಿಹೋಗುವುದು, ಮೆಟ್ಟಿಲಲ್ಲಿ ಕಾಲು ತಾಗುವುದು ಇದ್ದರೆ ನಾನೂ ಗಾಬರಿ ಪಡುತ್ತೇನೆ. ನೀವು ಎರಡೂ ಕಾಲಲ್ಲಿ ದಿಗಿಣ ಹಾಕುತ್ತಿದ್ದೀರಿ, ರಿಫ್ಲೆಕ್ಸ್ ಎರಡೂ ಕಡೆ ಸಮ ಇದೆ. ನಾನು ನಿಮ್ಮ ಕಾಲು ನೋಡಿಲ್ಲ. ಪತ್ರದಲ್ಲಿ ಇರುವುದರಿಂದ ಹೇಳುವುದಾದರೆ ನಿಮ್ಮ ಡಾಕ್ಟರ ಮಾತು ಸರಿ.

ಈಗ "ನರ ಗಿಡ್ಡ" ಅನ್ನುವ ಮಾತು. ನಮ್ಮ ಮಾತಿನಲ್ಲಿ "ನರ" ಅಂದರೆ ಮೂರು ಸಂಗತಿ. ಕೈ ಮೇಲೆ ಎದ್ದು ಕಾಣುವ ನೀಲಿ ರಕ್ತನಾಳವನ್ನೂ ನರ ಅನ್ನುತ್ತೇವೆ. ಹಿಮ್ಮಡಿಯ ಹಿಂದೆ ಕೈಗೆ ಸಿಗುವ ಹುರಿಯನ್ನೂ ನರ ಅನ್ನುತ್ತೇವೆ, ಅದು ನಿಜವಾಗಿ ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್. ಸುದ್ದಿ ಒಯ್ಯುವ ನಿಜವಾದ ನರ ಮೂರನೆಯದು. 43ನೇ ವಯಸ್ಸಿನಲ್ಲಿ ಕುಣಿಯುತ್ತಿರುವವರಿಗೆ ಈ ಮೂರರಲ್ಲಿ ಯಾವುದೂ ಸುಮ್ಮನೆ ಗಿಡ್ಡ ಆಗುವುದಿಲ್ಲ. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಇಟ್ಟ ಕಾಲಿನಲ್ಲಿ ಸ್ನಾಯು ನಿಜವಾಗಿಯೂ ಗಿಡ್ಡ ಆಗುತ್ತದೆ. ನಿಮ್ಮದು ಆ ಸಾಲಿಗೆ ಸೇರಿದ್ದಲ್ಲ. ಆ ಹಿರಿಯರು ಕಂಡದ್ದು ಸುಳ್ಳಲ್ಲ, ಕಾಲು ಬಿಗಿ ಇರುವುದು ನಿಜ. ಆ ಬಿಗಿ ಎಲ್ಲಿಂದ ಬರುತ್ತದೆ ಅನ್ನುವುದೇ ಪ್ರಶ್ನೆ.

ಬಾವಿಯಿಂದ ನೀರು ಸೇದಿದ್ದೀರಾ? ಕತ್ತಲಲ್ಲಿ ಸೇದಿದರೂ ಕೈಗೆ ಎರಡು ವಿಷಯ ಗೊತ್ತಾಗುತ್ತದೆ. ಹಗ್ಗ ಎಷ್ಟು ಉದ್ದ ಇಳಿಯಿತು, ಎಷ್ಟು ಬೇಗ ಇಳಿಯುತ್ತಿದೆ ಅನ್ನುವುದು ಒಂದು. ಕೊಡಪಾನ ಎಷ್ಟು ಭಾರ ಎಳೆಯುತ್ತಿದೆ ಅನ್ನುವುದು ಇನ್ನೊಂದು. ಸ್ನಾಯುವಿನಲ್ಲೂ ಈ ಎರಡು ಲೆಕ್ಕಕ್ಕೆ ಬೇರೆ ಬೇರೆ ಸೆನ್ಸರುಗಳಿವೆ, ಅವನ್ನು ಗ್ರಾಹಕ ಅನ್ನುತ್ತೇವೆ.

ಉದ್ದದ ಲೆಕ್ಕ ಇಡುವುದು ಸ್ನಾಯುವಿನ ಒಳಗೇ, ಎಳೆಗಳ ಪಕ್ಕದಲ್ಲಿ ಮಲಗಿರುವ ಕೆಲವೇ ಮಿಲಿಮೀಟರ್ ಉದ್ದದ ಗ್ರಾಹಕ. ನಡುವೆ ದಪ್ಪ, ಎರಡು ತುದಿ ಸಪೂರ. ನೂಲು ಸುತ್ತಿದ ಕದಿರಿನ ಹಾಗೆ ಇರುವುದರಿಂದ ಅದಕ್ಕೆ ಸ್ನಾಯು ಕದಿರು ಅಂತ ಹೆಸರು. ಸ್ನಾಯು ಹಿಗ್ಗಿದರೆ ಕದಿರೂ ಹಿಗ್ಗುತ್ತದೆ, ಸುದ್ದಿ ಕಳುಹಿಸುತ್ತದೆ. ಬೇಗ ಹಿಗ್ಗಿದರೆ ಜೋರಾಗಿ ಕಳುಹಿಸುತ್ತದೆ. ಸುತ್ತಿಗೆ ಎಬ್ಬಿಸಿದ್ದು ಇದನ್ನೇ. ಮನೆಯಲ್ಲೇ ನೋಡಬೇಕಾದರೆ ಕಣ್ಣು ಮುಚ್ಚಿ ಮೊಣಕೈ ಮಡಚಿ ಒಂದು ಚೀಲ ಹಿಡಿದುಕೊಳ್ಳಿ. ಯಾರಾದರೂ ಅದಕ್ಕೆ ಹೇಳದೆ ಒಂದು ತೆಂಗಿನಕಾಯಿ ಹಾಕಲಿ. ಕೈ ಸ್ವಲ್ಪ ತಗ್ಗಿ ಅಲ್ಲೇ ನಿಲ್ಲುತ್ತದೆ. ನೀವು ಯೋಚಿಸುವ ಮೊದಲೇ ಅದನ್ನು ಹಿಡಿಯಲು ಶುರು ಮಾಡಿದ್ದು ಕದಿರು ಕಳುಹಿಸಿದ ಸುದ್ದಿ. ಮಂಗಳೂರಿನಿಂದ ಉಡುಪಿಗೆ ಬಸ್ಸಿನಲ್ಲಿ ನಿಂತು ಬರುವಾಗ ಬ್ರೇಕು ಬಿದ್ದರೆ ಮೀನಖಂಡ ನಿಮ್ಮನ್ನು ಉಳಿಸುವುದರಲ್ಲೂ ಇದಕ್ಕೆ ಪಾಲಿದೆ.

ಭಾರದ ಲೆಕ್ಕ ಇಡುವುದು ಸ್ನಾಯು ಮತ್ತು ಟೆಂಡನ್ ಸೇರುವ ಜಾಗದಲ್ಲಿದೆ. ಇಟಲಿಯ ಕಮಿಲ್ಲೊ ಗಾಲ್ಜಿ 19ನೇ ಶತಮಾನದಲ್ಲಿ ಅದನ್ನು ವಿವರಿಸಿದರು. ಮುಂದೆ 1906ರಲ್ಲಿ ನರಮಂಡಲದ ರಚನೆಯ ಕೆಲಸಕ್ಕೆ ನೊಬೆಲ್ ಪಡೆದವರು ಇವರೇ. ಈ ಗಾಲ್ಜಿ ಗ್ರಾಹಕ ಸುಮಾರು 1 ಮಿಲಿಮೀಟರ್ ಉದ್ದ ಇರುತ್ತದೆ. ಹತ್ತಿಪ್ಪತ್ತು ಸ್ನಾಯು ಎಳೆಗಳ ತುದಿ ಅದಕ್ಕೆ ಕಟ್ಟಿಕೊಂಡಿರುತ್ತದೆ. ಆ ಎಳೆಗಳು ಜಗ್ಗಿದಾಗ ಅದು ಬೆನ್ನುಹುರಿಗೆ ಸುದ್ದಿ ಕೊಡುತ್ತದೆ. ಸುಮ್ಮನಿದ್ದಾಗ ಆ ಸುದ್ದಿ ಸಾಮಾನ್ಯವಾಗಿ ಅದೇ ಸ್ನಾಯುವನ್ನು ಸ್ವಲ್ಪ ತಗ್ಗಿಸುತ್ತದೆ.

ಕದಿರಿನ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ನನಗೆ ಇದು ಎಷ್ಟು ವರ್ಷವಾದರೂ ಬೆರಗು. ಕದಿರಿಗೆ ತನ್ನದೇ ಪುಟ್ಟ ಸ್ನಾಯು ಎಳೆಗಳಿವೆ, ಅವಕ್ಕೆ ಬೇರೆಯೇ ನರ ಇದೆ. ಗಾಮಾ ನರ ಅಂತ ಅದರ ಹೆಸರು. ಆಟಕ್ಕೆ ಮುಂಚೆ ಚೆಂಡೆಯ ಹಗ್ಗ ಬಿಗಿಯುವುದನ್ನು ನೀವು ದಿನಾ ನೋಡುವವರು. ಬಿಗಿದಷ್ಟು ಸಣ್ಣ ಏಟಿಗೂ ಸ್ವರ ಏಳುತ್ತದೆ. ಮೆದುಳು ಗಾಮಾ ನರದ ಮೂಲಕ ಕದಿರನ್ನು ಹಾಗೆಯೇ ಬಿಗಿಯುತ್ತದೆ, ಸಡಿಲಿಸುತ್ತದೆ. ಅಂದರೆ ಎಷ್ಟು ಸಣ್ಣ ಎಳೆತಕ್ಕೆ ಎಚ್ಚರ ಆಗಬೇಕು ಅನ್ನುವುದನ್ನು ನಿಮ್ಮ ಶರೀರ ಆಯಾ ಹೊತ್ತಿಗೆ ತೀರ್ಮಾನ ಮಾಡುತ್ತದೆ. ನೋವು, ದಣಿವು, ಹೆದರಿಕೆ, ಹಿಂದೆ ಪೆಟ್ಟಾದ ನೆನಪು ಇರುವ ಕಾಲನ್ನು ಶರೀರ ಜಾಸ್ತಿ ಕಾಯುತ್ತದೆ. ನನ್ನ ಬಳಿಗೆ "ಬಿಗಿ" ಅಂತ ಬರುವವರಲ್ಲಿ ಬಹಳ ಜನರ ಸ್ನಾಯು ಅಳತೆಯಲ್ಲಿ ಗಿಡ್ಡ ಇರುವುದಿಲ್ಲ. ಕೆಲಸದ ಭಾರಕ್ಕೆ ಹೋಲಿಸಿದರೆ ಬಲ ಸಾಲದೆ ಇರುತ್ತದೆ. ನಿಮ್ಮದೂ ಹಾಗೆಯೇ ಇರಬೇಕು ಅಂತ ನನ್ನ ಅಂದಾಜು.

ಯಾಕೆ ಅಂತ ಹೇಳುತ್ತೇನೆ. ದಿಗಿಣದಲ್ಲಿ ಪಾದ ನೆಲ ಮುಟ್ಟುವ ಮೊದಲೇ ಮೀನಖಂಡ ಬಿಗಿಯಾಗಲು ಶುರುವಾಗುತ್ತದೆ. ನೆಲ ಎಲ್ಲಿದೆ ಅಂತ ಮೆದುಳು ಮೊದಲೇ ಲೆಕ್ಕ ಹಾಕಿರುತ್ತದೆ. ಪಾದ ತಾಗಿದ ಕ್ಷಣ ಹಿಮ್ಮಡಿ ಕೆಳಗೆ ಬರುತ್ತದೆ, ಸ್ನಾಯು ಥಟ್ಟನೆ ಹಿಗ್ಗುತ್ತದೆ, ಕದಿರು ಕೂಗುತ್ತದೆ, ಬೆನ್ನುಹುರಿ ಇನ್ನಷ್ಟು ಬಲ ಕೊಡುತ್ತದೆ. ಆ ಬಲದಲ್ಲೇ ಮುಂದಿನ ದಿಗಿಣಕ್ಕೆ ನೀವು ಮೇಲೆ ಏಳುತ್ತೀರಿ. ಹಿಂದೆ ಗಾಲ್ಜಿ ಗ್ರಾಹಕ ಅಂದರೆ ಬರೀ ತಡೆಯುವ ಬ್ರೇಕು ಅಂತ ತಿಳಿದಿದ್ದರು. ಬೆಕ್ಕುಗಳ ಮೇಲೆ ನಡೆದ ಪ್ರಯೋಗಗಳಲ್ಲಿ ನಡೆಯುವಾಗ ಕಾಲು ಊರಿದ ಹೊತ್ತಿಗೆ ಅದೇ ಸುದ್ದಿ ಸ್ನಾಯುವಿಗೆ ಬಲ ಕೂಡಿಸುತ್ತದೆ ಅಂತ ತಿಳಿದುಬಂತು. ಒಂದೇ ಸುದ್ದಿಗೆ ಬೆನ್ನುಹುರಿ ಹೊತ್ತು ನೋಡಿ ಬೇರೆ ಉತ್ತರ ಕೊಡುತ್ತದೆ. ಹಗಲೆಲ್ಲ ಕುರ್ಚಿಯಲ್ಲಿ ಕೂತ ಕಾಲು ರಾತ್ರಿ ಈ ಕೆಲಸವನ್ನು ಹತ್ತಾರು ಸಲ ಮಾಡಬೇಕು. ವಾರದ ಉಳಿದ ದಿನಗಳಲ್ಲಿ ಅದಕ್ಕೆ ಬಲ ಬರುವ ಅಭ್ಯಾಸ ಏನೂ ಇಲ್ಲ, ಬರೀ ಎಳೆಯುವುದು. ಅದು ಕಾವಲು ಬಿಡದೆ ಇರುವುದರಲ್ಲಿ ಆಶ್ಚರ್ಯ ಇಲ್ಲ.

ಜಿಮ್ಮಿನ ಹುಡುಗನ ಮಾತಿಗೆ ಬರೋಣ. ಅವನನ್ನು ಬೈಯಬೇಡಿ. ನಾನೂ ಮೊದಲ ಕೆಲವು ವರ್ಷ ಅದನ್ನೇ ಹೇಳಿಕೊಡುತ್ತಿದ್ದೆ, ನಮಗೆ ಕಲಿಸಿದ್ದೂ ಹಾಗೆಯೇ. ಆದರೆ ಗಾಲ್ಜಿ ಗ್ರಾಹಕಕ್ಕೆ ಹೆಚ್ಚು ಮುಟ್ಟುವುದು ಸ್ನಾಯು ತಾನೇ ಕುಗ್ಗಿ ಜಗ್ಗಿದಾಗ. ಆಗ ಸಣ್ಣ ಬಲವೂ ಅದಕ್ಕೆ ಗೊತ್ತಾಗುತ್ತದೆ. ಸಡಿಲ ಬಿಟ್ಟ ಕಾಲನ್ನು ಮೆಲ್ಲ ಎಳೆದರೆ ಅದು ಅಷ್ಟೊಂದು ಮಾತಾಡುವುದಿಲ್ಲ. 30ನೇ ಸೆಕೆಂಡಿಗೆ ಒತ್ತಿಕೊಳ್ಳುವ ಸ್ವಿಚ್ಚಂತೂ ಅಲ್ಲಿ ಇಲ್ಲ. ಮೊದಲು ಸ್ನಾಯುವನ್ನು ಬಿಗಿದು ಆಮೇಲೆ ಎಳೆಯುವ ವಿಧಾನದಲ್ಲೂ, ಬಿಗಿಯುವುದು ನಿಂತಮೇಲೆ ಗಾಲ್ಜಿಯ ಸುದ್ದಿಯೂ ತಗ್ಗಿಬಿಡುತ್ತದೆ. ಹಾಗಾದರೆ ಸ್ಟ್ರೆಚ್ ಮಾಡಿದಾಗ ಕಾಲು ಇನ್ನಷ್ಟು ಬಗ್ಗುವುದು ಹೇಗೆ? ಬಹುಪಾಲು, "ಇಷ್ಟು ಎಳೆದರೂ ಅಪಾಯ ಇಲ್ಲ" ಅಂತ ಮೆದುಳು ಒಪ್ಪಿಕೊಳ್ಳುವುದರಿಂದ. ಸ್ನಾಯು ಉದ್ದ ಆಗಿರುವುದಿಲ್ಲ, ಸಹಿಸುವ ಮಿತಿ ಮೇಲೆ ಹೋಗಿರುತ್ತದೆ. ಅದಕ್ಕೇ ಬೆಳಿಗ್ಗೆ ಸಿಕ್ಕ ಸಡಿಲ ಮಧ್ಯಾಹ್ನಕ್ಕೆ ಉಳಿಯುತ್ತಿಲ್ಲ.

ನೀವು ಮಾಡುತ್ತಿರುವ ಕುಲುಕುವ ಸ್ಟ್ರೆಚ್ ಇನ್ನೊಂದು ಸಮಸ್ಯೆ. ಕದಿರಿಗೆ ವೇಗದ ಲೆಕ್ಕ ಇದೆ ಅಂದೆನಲ್ಲ. ಪ್ರತಿ ಕುಲುಕಿಗೂ ಅದು ಒಂದು ಸಣ್ಣ ಸುತ್ತಿಗೆ ಏಟು. ನೀವು ಎಳೆಯುವ ಹೊತ್ತಿಗೆ ಸ್ನಾಯು ಹಿಡಿಯುತ್ತದೆ. ಅದೂ ಎದ್ದ ಕೂಡಲೇ. ಆರೇಳು ತಾಸು ಅಲ್ಲಾಡದೆ ಇದ್ದ ಸ್ನಾಯು ತಣ್ಣಗಾಗಿ ಕಟ್ಟಿಕೊಂಡ ಗಂಜಿಯ ಹಾಗೆ. ನಾಲ್ಕು ಸಲ ಕಲಕಿದರೆ ತಾನಾಗಿ ಸಡಿಲ ಆಗುತ್ತದೆ. ಎಳೆಯುವ ಮೊದಲು ಅಂಗಳದಲ್ಲಿ ಐದು ನಿಮಿಷ ನಡೆದಾಡಿದರೆ ಅರ್ಧ ಬಿಗಿ ಅಲ್ಲೇ ಹೋಗುತ್ತದೆ.

ವೇಗದ ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಪಾರ್ಶ್ವವಾಯು ಆದವರ ಮನೆಗಳಿಗೆ ಹೋಗುತ್ತೇನೆ. ಮುಚ್ಚಿಕೊಂಡ ಮುಷ್ಟಿಯನ್ನು ಬಿಡಿಸಲು ಮನೆಯವರು ಪ್ರೀತಿಯಿಂದಲೇ ಬೆರಳನ್ನು ಥಟ್ಟನೆ ಎಳೆಯುತ್ತಾರೆ, ಮುಷ್ಟಿ ಇನ್ನೂ ಗಟ್ಟಿ ಆಗುತ್ತದೆ. ಅಲ್ಲಿ ಮೆದುಳಿನ ಹತೋಟಿ ತಪ್ಪಿರುವುದರಿಂದ ಕದಿರಿನ ರಿಫ್ಲೆಕ್ಸ್ ವಿಪರೀತ ಏರಿರುತ್ತದೆ. ಅದೇ ಕೈಯನ್ನು ಮಣಿಕಟ್ಟಿನಲ್ಲಿ ಮಡಚಿ, ಮೆಲ್ಲನೆ, ಒಂದೊಂದೇ ಬೆರಳಾಗಿ ತೆರೆದರೆ ಬಿಟ್ಟುಕೊಡುತ್ತದೆ. ಆ ಕಾಯಿಲೆ ಬೇರೆ, ನಿಮ್ಮದು ಬೇರೆ. ಆದರೆ ವೇಗಕ್ಕೆ ಎಚ್ಚರ ಆಗುವ ಗ್ರಾಹಕ ಒಂದೇ.

ಇನ್ನು ಏನು ಮಾಡಬಹುದು. ನನ್ನ ಆಯ್ಕೆ ಬಲ ತುಂಬುವುದು, ಅದೂ ಸ್ನಾಯು ಹಿಗ್ಗುತ್ತಾ ಭಾರ ಹೊರುವ ರೀತಿಯಲ್ಲಿ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲ ಮೇಲೆ ನಿಂತು, ಗೋಡೆ ಹಿಡಿದುಕೊಂಡು, ಹಿಮ್ಮಡಿಯನ್ನು ಮೇಲೆತ್ತಿ. ಆಮೇಲೆ ನಾಲ್ಕು ಎಣಿಸುತ್ತಾ ಮೆಟ್ಟಿಲಿಗಿಂತ ಕೆಳಗೆ ಇಳಿಸಿ. 10 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಎರಡು ಮೂರು ವಾರ ಎರಡೂ ಕಾಲಲ್ಲಿ, ಆಮೇಲೆ ಒಂದೊಂದೇ ಕಾಲಲ್ಲಿ. ಅದೂ ಸುಲಭ ಆದಾಗ ಬೆನ್ನಿಗೆ ಚೀಲ ಹಾಕಿ 5 ಕೆ.ಜಿ. ಅಕ್ಕಿ ತುಂಬಿ. ತೊಡೆಯ ಹಿಂಭಾಗಕ್ಕೆ ಅಂಗಾತ ಮಲಗಿ, ಟೈಲ್ಸಿನ ಮೇಲೆ ಬಟ್ಟೆ ಹಾಕಿ ಹಿಮ್ಮಡಿ ಅದರ ಮೇಲಿಟ್ಟು, ಸೊಂಟ ಎತ್ತಿ. ಆಮೇಲೆ ಕಾಲನ್ನು ಮೆಲ್ಲ ಮುಂದಕ್ಕೆ ಜಾರಿಸಿ. ಮೊದಲ ದಿನ ಐದಾರು ಸಲಕ್ಕಿಂತ ಜಾಸ್ತಿ ಬೇಡ. ಇದರಲ್ಲಿರುವ ಅಪಾಯ ಅಂದರೆ ಅವಸರ. ಮೊದಲ ವಾರ ಮೈಕೈ ನೋವು ಬರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಹಿಮ್ಮಡಿಯ ಹುರಿಯಲ್ಲಿ ಒಂದೇ ಜಾಗದಲ್ಲಿ ಚುಚ್ಚುವ ನೋವು ಬಂದು ಮರುದಿನ ಬೆಳಿಗ್ಗೆ ಜಾಸ್ತಿ ಆದರೆ ಭಾರ ಇಳಿಸಿ. ಸ್ನಾಯು ಬೇಗ ಗಟ್ಟಿ ಆಗುತ್ತದೆ, ಟೆಂಡನ್ನಿಗೆ ತಿಂಗಳುಗಳು ಬೇಕು.

ಮಳೆಗಾಲ ನಿಮಗೆ ಸಿಕ್ಕಿರುವುದು ಅದೃಷ್ಟ. ಈಗಿನಿಂದ ಆಗಸ್ಟ್ ಅರ್ಧದವರೆಗೆ ಬರೀ ಬಲದ ಅಭ್ಯಾಸ ಸಾಕು. ಆಮೇಲೆ ಸಣ್ಣ ಜಿಗಿತ, ಹಗ್ಗದಾಟ, ಒಂದು ಮೆಟ್ಟಿಲಿನಿಂದ ಇಳಿದು ಸದ್ದಿಲ್ಲದೆ ನಿಲ್ಲುವುದು. ಸದ್ದಿಲ್ಲದೆ ಅನ್ನುವುದೇ ಪರೀಕ್ಷೆ. ಕಾಲು ದೊಪ್ಪನೆ ಬಿದ್ದರೆ ಸ್ನಾಯು ಭಾರ ಹಿಡಿಯುತ್ತಿಲ್ಲ, ಎಲುಬಿಗೆ ಬಿಡುತ್ತಿದೆ ಅಂತ ಅರ್ಥ. ಅಕ್ಟೋಬರಿನಲ್ಲಿ ಚಾಪೆಯ ಮೇಲೆ ದಿಗಿಣ. ಒಂದೇ ಕಾಲಲ್ಲಿ ನಿಂತು 20ರಿಂದ 25 ಸಲ ಹಿಮ್ಮಡಿ ಎತ್ತಲು ಎರಡೂ ಕಡೆ ಆದರೆ, ನವೆಂಬರಿಗೆ ಗೆಜ್ಜೆ ಕಟ್ಟಿ ಅಂತ ನಾನು ಹೇಳುತ್ತೇನೆ. ಆಗದಿದ್ದರೆ ಒಂದೆರಡು ತಿಂಗಳು ದಿಗಿಣ ಕಡಿಮೆ ಇರುವ ವೇಷ ಕೇಳಿಕೊಳ್ಳಿ.

ಸ್ಟ್ರೆಚ್ ಬಿಡಬೇಕಾಗಿಲ್ಲ. ಹೊತ್ತು ಬದಲಿಸಿ. ರಾತ್ರಿ ಮಲಗುವ ಮೊದಲು, ಕುಲುಕದೆ, 20ರಿಂದ 30 ಸೆಕೆಂಡ್, ಮೂರು ಸಲ. ವೇಷ ಹಾಕಿ ರಂಗಸ್ಥಳಕ್ಕೆ ಹೋಗುವ ಮುಂಚೆ ಮಾತ್ರ ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿಯಬೇಡಿ. ಜಿಗಿತದ ಬಲ ಆ ಹೊತ್ತಿಗೆ ಸ್ವಲ್ಪ ತಗ್ಗುತ್ತದೆ. ವೇಷ ಕಟ್ಟುವ ಚೌಕಿಯಲ್ಲಿ ಎಂಟು ಹತ್ತು ನಿಮಿಷ ಸಣ್ಣ ಹೆಜ್ಜೆ, ಕುಕ್ಕರಗಾಲಿನಲ್ಲಿ ಕೂತು ಏಳುವುದು, ಮೆಲ್ಲನೆ ಎರಡು ದಿಗಿಣ ಮಾಡಿದರೆ ಸಾಕು.

ಎಣ್ಣೆ ಹಾಕಿ ತಿಕ್ಕುವುದರಿಂದ ಹಾಯೆನಿಸುತ್ತದೆ, ನಿದ್ದೆ ಬರುತ್ತದೆ. ಅದೂ ಒಂದು ಲಾಭವೇ. ಗಂಟು ಒಡೆಯುತ್ತೇವೆ, ನರ ಉದ್ದ ಮಾಡುತ್ತೇವೆ ಅಂತ ಹೇಳಿ ನೀಲಿಗಟ್ಟುವಷ್ಟು ಒತ್ತುವವರ ಬಳಿಗೆ ಮಾತ್ರ ಹೋಗಬೇಡಿ. ಒಂದೇ ಮೀನಖಂಡ ಊದಿ ಬಿಸಿ ಆಗಿದ್ದರೆ ಎಣ್ಣೆಯೂ ಬೇಡ, ತಿಕ್ಕುವುದೂ ಬೇಡ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನಸುಕಿನ ಸೆಳೆತದ ಕತೆ ಸ್ವಲ್ಪ ಬೇರೆ. ಇದು ನರವೇ ಅತಿಯಾಗಿ ಕೆರಳಿ ಸ್ನಾಯುವನ್ನು ಬಿಡದೆ ಹಿಡಿಯುವುದು. ಯಾಕೆ ಮೀನಖಂಡವೇ, ಯಾಕೆ ರಾತ್ರಿಯೇ? ಮಲಗಿದಾಗ ಹೊದಿಕೆಯ ಭಾರಕ್ಕೆ ಪಾದ ಮುಂದಕ್ಕೆ ಚಾಚಿಕೊಳ್ಳುತ್ತದೆ, ಮೀನಖಂಡ ಮೊದಲೇ ಕುಗ್ಗಿರುತ್ತದೆ. ದಣಿದ ಸ್ನಾಯುವಿನಲ್ಲಿ ಕೆರಳಿಸುವ ಕದಿರಿನ ಸುದ್ದಿ ಜಾಸ್ತಿ, ತಗ್ಗಿಸುವ ಗಾಲ್ಜಿಯ ಸುದ್ದಿ ಕಡಿಮೆ ಆಗುತ್ತದೆ ಅನ್ನುವುದು ಒಂದು ವಿವರಣೆ. ಕುಗ್ಗಿದ ಸ್ಥಿತಿಯಲ್ಲಿ ಟೆಂಡನ್ನಿಗೆ ಎಳೆತ ಕಡಿಮೆ ಇರುವುದರಿಂದ ಆ ತಡೆ ಇನ್ನೂ ತಗ್ಗುತ್ತದೆ. ಬರೀ ಉಪ್ಪು ಕಡಿಮೆ ಆದದ್ದೇ ಕಾರಣ ಆಗಿದ್ದರೆ ಇಡೀ ಮೈ ಹಿಡಿಯಬೇಕಿತ್ತು, ಕುಣಿದ ಕಾಲು ಮಾತ್ರ ಅಲ್ಲ. ಹಾಗಂತ ವೇಷದೊಳಗೆ ಬೆವರು ಸುರಿಸಿ ನೀರು ಕುಡಿಯದೆ ಮಲಗಬೇಡಿ.

ಹಿಡಿದುಕೊಂಡ ಕ್ಷಣ ಎದ್ದು ನಿಂತು ಹಿಮ್ಮಡಿಯನ್ನು ನೆಲಕ್ಕೆ ಊರಿ. ಏಳಲು ಆಗದಿದ್ದರೆ ಪಾದವನ್ನು ನಿಮ್ಮದೇ ಬಲದಿಂದ ಮೇಲಕ್ಕೆ ಎಳೆದು ಹಿಡಿಯಿರಿ, ಕೈಯಿಂದಲೂ ಎಳೆಯಿರಿ. ಮುಂದಿನ ಸ್ನಾಯು ಕೆಲಸ ಮಾಡಿದರೆ ಹಿಂದಿನದಕ್ಕೆ ಬೆನ್ನುಹುರಿ "ಬಿಡು" ಅನ್ನುತ್ತದೆ. ಎದುರುಬದುರು ಸ್ನಾಯುಗಳ ಈ ಒಪ್ಪಂದವನ್ನು ವಿವರವಾಗಿ ತೋರಿಸಿದವರು ಇಂಗ್ಲೆಂಡಿನ ಷೆರಿಂಗ್ಟನ್, ಅವರಿಗೆ 1932ರಲ್ಲಿ ನೊಬೆಲ್ ಸಿಕ್ಕಿತು. ಮಲಗುವ ಮುಂಚಿನ ಸ್ಟ್ರೆಚ್ ಇಲ್ಲೂ ಕೆಲಸಕ್ಕೆ ಬರುತ್ತದೆ. 55 ದಾಟಿದವರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 6 ವಾರ ಹಾಗೆ ಮಾಡಿದವರಿಗೆ ರಾತ್ರಿ ಸೆಳೆತ ಕಡಿಮೆ ಆಗಿತ್ತು.

ಹುಳಿ ಉಪ್ಪುನೀರು ಕುಡಿದರೆ ಸೆಳೆತ ಬಿಡುತ್ತದೆ ಅಂತ ಕ್ರೀಡಾಪಟುಗಳು ಹೇಳುವುದುಂಟು. ಅದರಲ್ಲಿ ಸತ್ಯ ಇದೆ. 2010ರ ಒಂದು ಪ್ರಯೋಗದಲ್ಲಿ ವಿನೆಗರಿನಲ್ಲಿ ಹಾಕಿಟ್ಟ ಸೌತೆಕಾಯಿಯ ನೀರು ಕುಡಿದವರ ಸೆಳೆತ, ಬರೀ ನೀರು ಕುಡಿದಾಗಿನದಕ್ಕಿಂತ ಬೇಗ ನಿಂತಿತು. ಉಪ್ಪು ರಕ್ತಕ್ಕೆ ಸೇರುವಷ್ಟು ಹೊತ್ತೇ ಆಗಿರಲಿಲ್ಲ. ಬಾಯಿ ಗಂಟಲಿಗೆ ತಾಗಿದ ಹುಳಿಯೇ ಇನ್ನೊಂದು ರಿಫ್ಲೆಕ್ಸ್ ಮೂಲಕ ನರವನ್ನು ತಗ್ಗಿಸಿರಬೇಕು. ನಿಮಗೆ ಬಿ.ಪಿ. ಇದೆ, ಉಪ್ಪಿನಕಾಯಿಯ ಉಪ್ಪುನೀರು ದಿನಾ ಕುಡಿಯಲು ಹೋಗಬೇಡಿ.

ಮಾತ್ರೆಗಳ ಬಗ್ಗೆ ನೇರವಾಗಿ ಹೇಳುತ್ತೇನೆ. ಸ್ನಾಯು ಸಡಿಲಿಸುವ ಮಾತ್ರೆಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು ಮೆದುಳು ಮತ್ತು ಬೆನ್ನುಹುರಿಯನ್ನು ಮಂದ ಮಾಡಿ. ನಿದ್ದೆ ತೂಗುತ್ತದೆ. ಆಟ ಮುಗಿಸಿ ನಸುಕಿನಲ್ಲಿ ಬೈಕಿನಲ್ಲಿ ಮನೆಗೆ ಬರುವವರಿಗೆ ನಾನು ಅದನ್ನು ಬಯಸುವುದಿಲ್ಲ. ಸೆಳೆತಕ್ಕೆ ಹಿಂದೆ ಕೊಡುತ್ತಿದ್ದ ಕ್ವಿನೈನ್ ಅಪರೂಪಕ್ಕೆ ರಕ್ತ ಮತ್ತು ಹೃದಯಕ್ಕೆ ದೊಡ್ಡ ಅಪಾಯ ತರುತ್ತದೆ, ಅದನ್ನು ಕೇಳಬೇಡಿ. ಮೆಗ್ನೀಷಿಯಂ ಮಾತ್ರೆಯಿಂದ ವಯಸ್ಸಾದವರ ಸೆಳೆತಕ್ಕೆ ಹೇಳುವಂಥ ಲಾಭ ಇಲ್ಲ ಅಂತ 2020ರ ದೊಡ್ಡ ಪರಿಶೀಲನೆ ಹೇಳಿದೆ. ನೀವು ಕೇಳಿದ ಇಂಜೆಕ್ಷನ್ ಬಹುಶಃ ಬೊಟುಲಿನಂ. ಅದು ನರದ ಆಜ್ಞೆ ಸ್ನಾಯುವಿಗೆ ತಲುಪದಂತೆ ಸುಮಾರು ಮೂರು ತಿಂಗಳು ತಡೆಯುತ್ತದೆ. ಪಾರ್ಶ್ವವಾಯುವಿನ ಮುಷ್ಟಿಗೆ ಅದು ದೊಡ್ಡ ಉಪಕಾರ. ನಿಮ್ಮ ಮೀನಖಂಡಕ್ಕೆ ಹಾಕಿದರೆ ದಿಗಿಣ ಹಾಕುವ ಬಲವನ್ನೇ ಕಿತ್ತುಕೊಂಡ ಹಾಗೆ.

ಕಾಯದೆ ಡಾಕ್ಟರ ಬಳಿಗೆ ಹೋಗಬೇಕಾದ ಗುರುತುಗಳನ್ನೂ ಹೇಳಿಬಿಡುತ್ತೇನೆ. ಪಾದ ಎತ್ತಲು ಬಲ ಇಲ್ಲದಿರುವುದು, ಸ್ನಾಯು ಕಣ್ಣಿಗೆ ಕಾಣುವಂತೆ ಸೊರಗುವುದು, ಸೊರಗಿದ ಜಾಗದಲ್ಲಿ ಚರ್ಮದಡಿ ಹುಳ ಹರಿದಂತೆ ಅದುರುವುದು, ಸ್ವಲ್ಪ ದೂರ ನಡೆದ ಕೂಡಲೇ ಮೀನಖಂಡ ನೋವು ಬಂದು ನಿಂತರೆ ಹೋಗುವುದು. ಕೂರುವ ಜಾಗ ಮರಗಟ್ಟಿದರೆ, ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ ಬೆಳಗಾಗುವವರೆಗೂ ಕಾಯಬೇಡಿ.

ಇನ್ನು ನಿಮ್ಮ ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ವಿಷಯ, ಆ ಬಿ.ಪಿ. ಮಾತ್ರೆ. ಸೆಳೆತ ಶುರುವಾದದ್ದು ಮಾತ್ರೆ ಶುರುವಾದ ಮೇಲೆಯಾ ಅಂತ ನೆನಪು ಮಾಡಿಕೊಳ್ಳಿ. ಬಿ.ಪಿ.ಯ ಕೆಲವು ಮಾತ್ರೆಗಳಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧವೂ ಸೇರಿರುತ್ತದೆ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಅಂತ ಇದೆಯಾ ನೋಡಿ. ಅವು ಸೋಡಿಯಂ, ಪೊಟ್ಯಾಶಿಯಂ ಇಳಿಸಿ ಸೆಳೆತ ತರಬಹುದು. ನೀವಾಗಿ ನಿಲ್ಲಿಸಬೇಡಿ, ಬಿ.ಪಿ. ಏರುತ್ತದೆ. ಮಾತ್ರೆ ಬರೆದ ಡಾಕ್ಟರಿಗೆ ಸೆಳೆತದ ವಿಷಯ ಹೇಳಿ, ಸೋಡಿಯಂ, ಪೊಟ್ಯಾಶಿಯಂ, ಕ್ಯಾಲ್ಸಿಯಂ, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಕೇಳಿ. ಥೈರಾಯ್ಡ್ ಜಾಸ್ತಿ ಆದರೆ ರಿಫ್ಲೆಕ್ಸ್ ಜೋರಾಗುತ್ತದೆ, ಕಡಿಮೆ ಆದರೆ ಸೆಳೆತ ಬರುತ್ತದೆ, ಹಾಗಾಗಿ ನಿಮಗೆ ಅದು ಎರಡು ಕಾರಣಕ್ಕೆ ಬೇಕು. ಅಲ್ಲಿಯವರೆಗೆ ಯಾವ ರಾತ್ರಿ ಹಿಡಿಯಿತು, ಅವತ್ತು ಕುಣಿದಿದ್ದಿರಾ, ಎಷ್ಟು ನೀರು ಕುಡಿದಿದ್ದಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ರಿಪೋರ್ಟು ಬಂದ ಮೇಲೆ ಅದನ್ನೂ ಸೇರಿಸಿ ನನಗೆ ಮತ್ತೊಮ್ಮೆ ಬರೆಯಿರಿ.